ಎಮ್ಶರ್ ನದಿಯ ಸಹಕಾರ ಸಂಘ



ಸಹಕಾರ ಸಂಘ ಅಂದ ಕೂಡಲೇ ನಮಗೆ ನೆನಪಾಗುವುದು ಬೆಳೆಸಾಲ, ಬೀಜ, ಗೊಬ್ಬರ. ಊರಿನ ಚರಂಡಿ ನೀರಿಗೂ ಒಂದು ಸಹಕಾರ ಸಂಘ ಉಂಟು ಅಂದರೆ ಯಾರಾದರೂ ನಕ್ಕಾರು. ಆದರೆ ಜರ್ಮನಿ ದೇಶದಲ್ಲಿ 1899ರಲ್ಲಿ ಹುಟ್ಟಿದ ಅಂಥ ಒಂದು ಸಂಘ ಇಂದಿಗೂ ನಡೆಯುತ್ತಿದೆ. ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಅದರ ಇತಿಹಾಸವನ್ನು ತಮ್ಮ ಮುಂದಿಡಲು ಬಯಸುತ್ತೇವೆ.

ಅಲ್ಲಿನ ರೂರ್ ಪ್ರದೇಶದಲ್ಲಿ ಎಮ್ಶರ್ ಎಂಬ ಚಿಕ್ಕ ನದಿಯಿದೆ. ಸುಮಾರು 80 ಕಿ.ಮೀ. ಹರಿದು ರೈನ್ ನದಿಯನ್ನು ಸೇರುತ್ತದೆ. 19ನೇ ಶತಮಾನದಲ್ಲಿ ಅದರ ದಂಡೆಗೆ ಕಲ್ಲಿದ್ದಲು ಗಣಿಗಳು, ಉಕ್ಕಿನ ಕಾರ್ಖಾನೆಗಳು ಬಂದವು. ಹಳ್ಳಿಗಳು ಪಟ್ಟಣಗಳಾದವು. ಮೇಲಿನ ಊರಿನವರು ಬಿಟ್ಟ ಹೊಲಸು ಕೆಳಗಿನ ಊರಿನವರ ಬಾಗಿಲಿಗೆ ಬರತೊಡಗಿತು. ಗಣಿ ತೋಡಿದ್ದರಿಂದ ನೆಲ ಕುಸಿದು, ನೀರು ಹರಿಯದೆ ಅಲ್ಲಲ್ಲೇ ನಿಂತು ಕೊಳೆಯಿತು. ರೋಗರುಜಿನ ಹೆಚ್ಚಿತು. ಒಂದು ಊರಿನವರು ಕಾಲುವೆ ತೋಡಿದರೆ ಗಲೀಜು ಪಕ್ಕದ ಊರಿಗೆ ಹೋಗುತ್ತಿತ್ತೇ ಹೊರತು ಮಾಯವಾಗುತ್ತಿರಲಿಲ್ಲ.

ಕೊನೆಗೆ 1899ರಲ್ಲಿ ಊರಾಡಳಿತಗಳು, ಗಣಿಯವರು, ಕಾರ್ಖಾನೆಯವರು ಒಟ್ಟಿಗೆ ಕೂತು ಸಂಘ ಕಟ್ಟಿದರು. ಹೆಸರು ಎಮ್ಶರ್ ಗೆನೊಸೆನ್‌ಶಾಫ್ಟ್. ಗೆನೊಸೆನ್‌ಶಾಫ್ಟ್ ಅಂದರೆ ಅವರ ಭಾಷೆಯಲ್ಲಿ ಸಹಕಾರ ಸಂಘ ಅಂತಲೇ ಅರ್ಥ. 1904ರಲ್ಲಿ ಅದಕ್ಕಾಗಿಯೇ ಕಾಯಿದೆ ಆಯಿತು. ನದಿ ಬಯಲಿನ ಊರುಗಳು ಸದಸ್ಯರಾಗಲೇಬೇಕು, ಹೆಚ್ಚು ಹೊಲಸು ಬಿಡುವವರು ಹೆಚ್ಚು ವಂತಿಗೆ ಕೊಡಬೇಕು. ನಮ್ಮಲ್ಲಿ ಒಬ್ಬ ಸದಸ್ಯನಿಗೆ ಒಂದೇ ಮತ. ಅಲ್ಲಿ ವಂತಿಗೆಗೆ ತಕ್ಕಂತೆ ಮತ. ಅದೇ 1904ರಲ್ಲಿ ನಮ್ಮ ದೇಶದಲ್ಲೂ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂತು. 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ನಮ್ಮ ಕಾಯಿದೆಗೆ ಮಾದರಿಯಾದದ್ದು ಜರ್ಮನಿಯ ರೈಫೈಸೆನ್ ಅವರ ಗ್ರಾಮೀಣ ಸಾಲದ ಸಂಘಗಳು.

ಎಮ್ಶರ್ ಸಂಘದವರು ನದಿಯನ್ನು ನೇರ ಮಾಡಿ, ಕಾಂಕ್ರೀಟ್ ಹಾಸಿ, ಹೊಲಸು ಹೊರುವ ತೆರೆದ ಕಾಲುವೆ ಮಾಡಿದರು. ನೆಲ ಕುಸಿಯುತ್ತಿದ್ದುದರಿಂದ ನೆಲದಡಿ ಪೈಪು ಹಾಕಿದರೆ ಒಡೆದುಹೋಗುತ್ತಿತ್ತು. ಸಂಘದ ಇಂಜಿನಿಯರ್ ಕಾರ್ಲ್ ಇಮ್‌ಹಾಫ್ ರೂಪಿಸಿದ ಎರಡಂತಸ್ತಿನ ತೊಟ್ಟಿಯಲ್ಲಿ ನೀರು ಮೇಲೆ ತಿಳಿಯಾಗುತ್ತದೆ, ಗಸಿ ಕೆಳಗಿಳಿದು ಕೊಳೆಯುತ್ತದೆ. ಇದು ಜಗತ್ತಿನಲ್ಲೆಲ್ಲ ಇಮ್‌ಹಾಫ್ ಟ್ಯಾಂಕ್ ಎಂದೇ ಹೆಸರಾಯಿತು.

ಊರುಗಳು ಉಳಿದವು, ಆದರೆ ನದಿ ಸತ್ತಿತು. ತಲೆಮಾರುಗಟ್ಟಲೆ ಜನ ಮೂಗು ಮುಚ್ಚಿಕೊಂಡೇ ಅದನ್ನು ದಾಟಿದರು. ಗಣಿ ಕೆಲಸ ಉತ್ತರಕ್ಕೆ ಸರಿದು ನೆಲ ನಿಂತ ಮೇಲೆ, 1992ರಲ್ಲಿ ಅದೇ ಸಂಘ ನದಿಯನ್ನು ಬದುಕಿಸಲು ಹೊರಟಿತು. ಹೊಲಸಿಗೆಂದೇ ನೆಲದಡಿ 51 ಕಿ.ಮೀ. ಉದ್ದದ ದೊಡ್ಡ ಕೊಳವೆ ಹಾಕಿದರು. 2021ರ ಕೊನೆಗೆ ನದಿ ಹೊಲಸಿನಿಂದ ಮುಕ್ತವಾಯಿತು. ಒಟ್ಟು ಖರ್ಚು ಸುಮಾರು 550 ಕೋಟಿ ಯೂರೋ. ಯಾವ ಒಂದು ಪುರಸಭೆ ಇಷ್ಟನ್ನು ಹೊತ್ತೀತು?

ನಮ್ಮಲ್ಲೂ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗಳಲ್ಲಿ ಹಲವು ಪಂಚಾಯಿತಿಗಳು ಒಂದೇ ನೀರಿನ ಮೂಲವನ್ನು ಹಂಚಿಕೊಳ್ಳುತ್ತವೆ. ಮೊದಲ ಊರಿನವರು ನಲ್ಲಿ ಬಿಟ್ಟುಕೊಂಡು ಕೂತರೆ ಕೊನೆಯ ಊರಿನ ಹೆಣ್ಣುಮಕ್ಕಳು ಖಾಲಿ ಕೊಡ ಹಿಡಿದು ನಿಲ್ಲಬೇಕಾಗುತ್ತದೆ. ನಮ್ಮ ಚರಂಡಿ ಸೇರುವ ಹಳ್ಳ ಮುಂದಿನ ಊರಿನವರ ಕೆರೆಗೆ ಹೋಗುತ್ತದೆ. ಹನಿಗೂಡಿದರೆ ಹಳ್ಳ ಅಂತ ಹಿರಿಯರು ಹೇಳಿದ್ದಾರೆ. ಆ ಹಳ್ಳಕ್ಕೆ ಊರಿನ ಗಡಿ ಗೊತ್ತಿಲ್ಲ. ಸಾಲ ಕೊಡಲು, ವಸೂಲಿ ಮಾಡಲು ಒಟ್ಟಿಗೆ ಕೂರುವುದನ್ನು ಸಂಘದಲ್ಲಿ ಕಲಿತ ನಾವು, ನೀರಿನ ಲೆಕ್ಕಕ್ಕೂ ಅಕ್ಕಪಕ್ಕದ ಊರಿನವರ ಜೊತೆ ಕೂರೋಣ ಎಂಬುದೇ ನಮ್ಮ ಅರಿಕೆ.