ಪುರದ ಸಗಣಿ, ಪುರದ ಬೆಳಕು



ವಾಷಿಂಗ್ಟನ್ನಿನಿಂದ 295ರ ರಸ್ತೆ ಹಿಡಿದು ದಕ್ಷಿಣಕ್ಕೆ ಹೊರಟರೆ ಪೊಟೊಮ್ಯಾಕ್ ನದಿಯ ದಡದಲ್ಲಿ ಬ್ಲೂ ಪ್ಲೇನ್ಸ್ ಎಂಬ ಕೊಳಚೆ ನೀರಿನ ಶುದ್ಧೀಕರಣ ಸ್ಥಾವರ ಸಿಗುತ್ತದೆ. ಮೂಗು ಮುಚ್ಚಿಕೊಂಡು ದಾಟಿ ಹೋಗುವ ಜಾಗ ಎಂದುಕೊಳ್ಳಬೇಡಿ. 2015ರಿಂದ ಅಲ್ಲಿ ರಾಜಧಾನಿಯ ಹೊಲಸನ್ನು ಕೊಳೆಸಿ, ಬಂದ ಗ್ಯಾಸಿನಿಂದ ಸುಮಾರು 10 ಮೆಗಾವ್ಯಾಟ್ ವಿದ್ಯುತ್ ತೆಗೆಯುವ ಏರ್ಪಾಡು ಇದೆ. ನಾರ್ತ್ ಕ್ಯಾರೊಲಿನಾದ ಯಾಡ್ಕಿನ್ ಕೌಂಟಿಯಲ್ಲಿ 2011ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದವರೂ ಡ್ಯೂಕ್ ಎನರ್ಜಿಯವರೂ ಸೇರಿ ಹಂದಿ ಸಾಕುವ ಫಾರ್ಮ್ ಒಂದರಲ್ಲಿ ಇದೇ ಕೆಲಸ ಮಾಡಿ ತೋರಿಸಿದರು. ಅಟ್ಲಾಂಟಾ ಪಕ್ಕದ ಗ್ವಿನೆಟ್ ಕೌಂಟಿಯ ಶುದ್ಧೀಕರಣ ಸ್ಥಾವರದಲ್ಲೂ ಇಂಥದ್ದೇ ಎಂಜಿನ್ ಇದೆ. ಇಲ್ಲಿಯ ಪತ್ರಿಕೆಗಳು ಇದನ್ನು ಹೊಸ ಸುದ್ದಿಯೆಂಬಂತೆ ಬರೆಯುವಾಗ ನಮಗೆ ಸ್ವಲ್ಪ ನಗು ಬರುತ್ತದೆ. ನಮ್ಮ ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಪುಟ್ಟ ಹಳ್ಳಿ 1987ರಲ್ಲೇ ತನ್ನ ದನಗಳ ಸಗಣಿಯಿಂದ ದೀಪ ಹಚ್ಚಿಕೊಂಡಿತ್ತು.

ಪುರದ ಕಥೆ ಶುರುವಾಗುವುದು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿ, ಅಂದರೆ ನಮ್ಮ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ. ಅಲ್ಲಿ ಪ್ರಾಧ್ಯಾಪಕರಾಗಿದ್ದ ಅಮೂಲ್ಯ ಕೆ. ಎನ್. ರೆಡ್ಡಿಯವರು (1930-2006) ಮೂಲತಃ ವಿದ್ಯುತ್ ರಸಾಯನ ಶಾಸ್ತ್ರದವರು. ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿ, ಜಾನ್ ಬಾಕ್ರಿಸ್ ಅವರೊಡನೆ ಆ ವಿಷಯದ ಹೆಸರಾಂತ ಪಠ್ಯಪುಸ್ತಕ ಬರೆದವರು. ಅಂಥವರು ಊರಿಗೆ ಮರಳಿ, 1974ರಲ್ಲಿ 'ಅಸ್ತ್ರ' ಎಂಬ ಕೇಂದ್ರವನ್ನು ಕಟ್ಟಿದರು. ವಿಜ್ಞಾನವನ್ನು ಹಳ್ಳಿಯ ಕೆಲಸಕ್ಕೆ ಹಚ್ಚುವುದು ಅದರ ಉದ್ದೇಶ. ನಮ್ಮಲ್ಲಿ ಹಲವರ ತಾಯಂದಿರು ಬಳಸಿದ ಅಸ್ತ್ರ ಒಲೆ ಬಂದದ್ದೂ ಅಲ್ಲಿಂದಲೇ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರದ ಶಾಖೆಯೊಂದು ನೆಲೆಯೂರಿತು.

ಅಸ್ತ್ರದವರು ಯಂತ್ರ ತರುವುದಕ್ಕೆ ಮೊದಲು ಲೆಕ್ಕ ಹಾಕಿದರು. 1977ರಲ್ಲಿ ಪುರದಲ್ಲಿ 56 ಮನೆ, 357 ಜನ. ಊರಿಗೆ ಬೇಕಾದ ಶಕ್ತಿಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಪಾಲು ಬರುತ್ತಿದ್ದುದು ಸೌದೆಯಿಂದ. ವಿದ್ಯುತ್ತಿನ ಪಾಲು ಲೆಕ್ಕಕ್ಕೂ ಸಿಗದಷ್ಟು ಸಣ್ಣದು. ಸೌದೆ ಹೊರುವುದು, ನೀರು ಹೊರುವುದು, ಅಡುಗೆ ಮಾಡುವುದು, ಇವು ಬಹುಪಾಲು ಹೆಂಗಸರು ಮಕ್ಕಳ ಪಾಲಿಗೆ.

ಲೆಕ್ಕ ನೋಡಿದವರಿಗೆ ಒಲೆಯೇ ಮೊದಲು ಕಣ್ಣಿಗೆ ಬೀಳುವುದು ಸಹಜ. ಆದ್ದರಿಂದ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿ, ಮನೆಮನೆಗೆ ಅಡುಗೆ ಅನಿಲ ಕೊಡುವ ಯೋಜನೆ ಹಾಕಿದರು. ಅದು ನಿಲ್ಲಲಿಲ್ಲ. ಒಂದು ಕೆ.ಜಿ. ಸಗಣಿಗೆ ಸಿಗುವ ಗ್ಯಾಸು ಮೂವತ್ತೈದು ನಲವತ್ತು ಲೀಟರು ಅಷ್ಟೆ. ಮೇಯಲು ಹೋದ ದನ ಹೊಲದಲ್ಲಿ ಹಾಕಿದ್ದು ಕೈಗೆ ಸಿಗುವುದಿಲ್ಲ. ಕೊಟ್ಟಿಗೆಯಲ್ಲಿ ಸಿಕ್ಕ ಸಗಣಿ ಎಲ್ಲ ಮನೆಗಳ ಅಡುಗೆಗೆ ಸಾಲದು. ಅರ್ಧ ಬೇಯಿಸಿ ಗ್ಯಾಸು ನಿಂತರೆ ಮತ್ತೆ ಸೌದೆಗೇ ಕೈ ಹಾಕಬೇಕು. ಸೌದೆಗೋ ಕೈಯಿಂದ ಕಾಸು ಬಿಚ್ಚಬೇಕಾಗಿರಲಿಲ್ಲ.

ಇಲ್ಲಿಗೆ ಕೈಬಿಟ್ಟಿದ್ದರೆ ನಾವು ಈ ಲೇಖನ ಬರೆಯುತ್ತಿರಲಿಲ್ಲ. ಊರವರೊಡನೆ ಕುಳಿತು, ನಿಮಗೆ ಏನು ಬೇಕು ಎಂದು ಕೇಳಿದಾಗ ಬಂದ ಉತ್ತರ ಕುಡಿಯುವ ನೀರು. ಅಡುಗೆಗೆ ಸಾಲದ ಅದೇ ಗ್ಯಾಸು ಎಂಜಿನ್ ಓಡಿಸಲು ಸಾಕಾಗಿತ್ತು. 5 ಕಿಲೋವ್ಯಾಟಿನ ಡೀಸೆಲ್ ಜನರೇಟರ್ ತಂದರು. ಬರಿಯ ಗ್ಯಾಸಿನಲ್ಲಿ ಡೀಸೆಲ್ ಎಂಜಿನ್ ಹೊತ್ತಿಕೊಳ್ಳುವುದಿಲ್ಲವಾದ್ದರಿಂದ ಕಿಡಿಗೆ ಬೇಕಾದಷ್ಟು ಡೀಸೆಲ್ ಬಿಟ್ಟು, ಉಳಿದ ಮುಕ್ಕಾಲು ಪಾಲಿಗೂ ಮಿಕ್ಕಿ ಗ್ಯಾಸಿನಲ್ಲೇ ಓಡಿಸಿದರು. ಆ ವಿದ್ಯುತ್ತಿನಿಂದ ಕೊಳವೆ ಬಾವಿಯ ನೀರು ಮೇಲಿನ ಟ್ಯಾಂಕಿಗೆ ಏರಿ ಬೀದಿ ನಲ್ಲಿಗಳಲ್ಲಿ ಇಳಿಯಿತು. ಸಂಜೆ ಮನೆಗಳಲ್ಲಿ 20 ವ್ಯಾಟಿನ ಟ್ಯೂಬ್‌ಲೈಟು ಉರಿಯಿತು. ಕೆ.ಇ.ಬಿ.ಯ ತಂತಿ ಊರಿಗೆ ಬಂದಿದ್ದರೂ ಎಷ್ಟೋ ಮನೆಗಳ ಒಳಗೆ ಬಂದಿರಲಿಲ್ಲ. ಅಲ್ಲೆಲ್ಲ ಅದುವರೆಗೆ ಸೀಮೆಎಣ್ಣೆ ಬುಡ್ಡಿಯೇ ಗತಿ.

ಈ ಏರ್ಪಾಡಿನಲ್ಲಿ ನಮಗೆ ಎಲ್ಲಕ್ಕಿಂತ ಜಾಣತನದ್ದಾಗಿ ಕಂಡದ್ದು ಎರಡು ಪೈಸೆಯ ಲೆಕ್ಕ. ಬೆಳಿಗ್ಗೆ ಹೆಂಗಸರು ಮಕ್ಕಳು ಸಗಣಿ ತಂದು ತೂಕ ಹಾಕಿಸಬೇಕು. ಹೊತ್ತು ತಂದ ಕೂಲಿಯೆಂದು ಕೆ.ಜಿ.ಗೆ ಎರಡು ಪೈಸೆ. ನಮ್ಮ ಕಡೆ ಬೆರಣಿಗಿಂತ ಗೊಬ್ಬರಕ್ಕೇ ಸಗಣಿಗೆ ಬೆಲೆ ಹೆಚ್ಚು, ತಿಪ್ಪೆ ಖಾಲಿಯಾದರೆ ರಾಗಿ ಹೊಲಕ್ಕೆ ಏನು ಹಾಕುವುದು? ಅದಕ್ಕೂ ದಾರಿ ಇತ್ತು. ಗ್ಯಾಸು ಬಿಟ್ಟ ಬಗ್ಗಡವನ್ನು ಮರಳಿನ ಹಾಸಿನ ಮೇಲೆ ಸೋಸಿ, ಗಟ್ಟಿಯಾದ ಗೊಬ್ಬರವನ್ನು ಕೊಟ್ಟವರಿಗೇ ಹಿಂದಿರುಗಿಸುತ್ತಿದ್ದರು. ಸಾರಜನಕ ಎಲ್ಲಿಗೂ ಹೋಗುವುದಿಲ್ಲ, ಗೊಬ್ಬರ ಮೊದಲಿಗಿಂತ ಒಳ್ಳೆಯದೇ. ಎಂಜಿನ್ ನೋಡಿಕೊಂಡವರು ಊರಿನ ಹುಡುಗರು. ದೀಪದ ಹಣ ವಸೂಲು, ಜಗಳ ತೀರ್ಮಾನ ಎಲ್ಲ ಗ್ರಾಮ ವಿಕಾಸ ಸಭೆಯ ಕೈಯಲ್ಲಿ.

ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ವಿಜ್ಞಾನಿ 1968ರಲ್ಲಿ ಒಂದು ಮಾತು ಬರೆದು ಪ್ರಸಿದ್ಧರಾದರು. ಎಲ್ಲರದ್ದಾದ ಗೋಮಾಳವನ್ನು ಪ್ರತಿಯೊಬ್ಬನೂ ತನ್ನ ಲಾಭಕ್ಕೆ ಮೇಯಿಸಿ ಹಾಳುಮಾಡುತ್ತಾನೆ ಎಂಬುದು ಅದರ ಸಾರ. ರೆಡ್ಡಿಯವರು 1995ರಲ್ಲಿ ಪುರವನ್ನೇ ಮುಂದಿಟ್ಟು ಉತ್ತರ ಬರೆದರು. ಒಂದು ಮನೆಯವರು ಸಗಣಿ ಕೊಡುವುದು ಬಿಟ್ಟು, ಅದನ್ನು ನೋಡಿ ಇನ್ನೊಬ್ಬರೂ ಬಿಟ್ಟರೆ ಎಂಜಿನ್ ನಿಲ್ಲುತ್ತದೆ, ಬಿಟ್ಟವರ ಮನೆಯ ನೀರೂ ದೀಪವೂ ನಿಲ್ಲುತ್ತದೆ. ಸ್ವಾರ್ಥಕ್ಕಾದರೂ ಎಲ್ಲರೂ ಕೂಡಿರಬೇಕು. ಪ್ರತಿ ವರ್ಷ ಸದಸ್ಯತ್ವದ ಚಂದಾ ಕೇಳಿ ಕೇಳಿ ಸುಸ್ತಾದ ನಮ್ಮ ಖಜಾಂಚಿಗಳು ಈ ಲೇಖನ ಓದಬೇಕು!

ಖರ್ಚಿನ ಮಾತನ್ನೂ ಹೇಳಬೇಕು. ದಿನಕ್ಕೆ ಕೆಲವೇ ಗಂಟೆ ಓಡಿಸಿದರೆ ಬಂಡವಾಳವೆಲ್ಲ ಆ ಕೆಲವು ಯೂನಿಟ್ಟಿನ ತಲೆಗೇ ಬಿದ್ದು ಬೆಲೆ ಏರುತ್ತದೆ. ಹೆಚ್ಚು ಹೊತ್ತು ಓಡಿದರೆ ಮಾತ್ರ ದೂರದ ವಿದ್ಯುದಾಗಾರದಿಂದ ತಂತಿ ಎಳೆದು ತರುವ ವಿದ್ಯುತ್ತಿಗೆ ಸಮನಾಗುತ್ತದೆ. ರೆಡ್ಡಿಯವರು ಇಂಥ ಲೆಕ್ಕಗಳನ್ನು ಹಳ್ಳಿಯಲ್ಲಿಯೇ ಬಿಡಲಿಲ್ಲ. ಬ್ರೆಜಿಲ್, ಸ್ವೀಡನ್, ಅಮೆರಿಕದ ಮೂವರೊಡನೆ ಸೇರಿ ಬರೆದ ಅವರ ವರದಿಯನ್ನು 1987ರಲ್ಲಿ ಪ್ರಕಟಿಸಿದ್ದು ಇದೇ ವಾಷಿಂಗ್ಟನ್ನಿನ ವರ್ಲ್ಡ್ ರಿಸೋರ್ಸಸ್ ಇನ್‌ಸ್ಟಿಟ್ಯೂಟ್. ಆ ನಾಲ್ವರಿಗೂ 2000ದಲ್ಲಿ ವೋಲ್ವೊ ಪರಿಸರ ಪ್ರಶಸ್ತಿ ಬಂತು. ಜಗತ್ತಿಗೆಲ್ಲ ಎಷ್ಟು ಶಕ್ತಿ ಬೇಕೆಂಬ ಆ ವಾದದ ಹಿಂದೆ 56 ಮನೆಗಳ ಊರಿನ ಲೆಕ್ಕವೂ ಇತ್ತೆಂಬುದು ನಮಗೆ ಹೆಮ್ಮೆ.

ಪುರದ ಆ ಎಂಜಿನ್ ಇಂದು ಓಡುತ್ತಿಲ್ಲ. ತೊಂಬತ್ತರ ದಶಕದವರೆಗೆ ನಡೆದು ನಿಂತಿತು. ಅಸ್ತ್ರ ಕೇಂದ್ರವೂ ಹೆಸರು ಬದಲಿಸಿಕೊಂಡು ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಾಗಿದೆ. ಆದರೆ ಶಿರಸಿ ಸೀಮೆಯಲ್ಲಿ ಮನೆಮನೆಯ ಗೋಬರ್ ಗ್ಯಾಸು ಗಟ್ಟಿಯಾಗಿ ನಿಂತದ್ದನ್ನು 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅಲ್ಲಿ ಅಡಿಕೆ ತೋಟ ಇರುವ ಮನೆಗೆ ಬಗ್ಗಡವೂ ಬೇಕು, ಗ್ಯಾಸೂ ಬೇಕು.

ಕುಣಿಗಲ್, ಹುಲಿಯೂರುದುರ್ಗದ ಕಡೆಯ ಸದಸ್ಯರು ನಮ್ಮಲ್ಲಿ ಇದ್ದಾರೆ. ಆ ವರ್ಷಗಳಲ್ಲಿ ಪುರದ ಟ್ಯೂಬ್‌ಲೈಟ್ ಬೆಳಕನ್ನು ಕಂಡವರು, ಅಥವಾ ಮನೆಯ ಹಿರಿಯರಿಂದ ಕೇಳಿದವರು, ನಾಲ್ಕು ಸಾಲು ಬರೆದು ಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ. ಕೈಬರಹವಾದರೂ ಸರಿ.