ಬೈಕುಲ್ಲಾದ ಹಳೆಯ ಶಾಲೆಗಳು ಹೇಳುವ ಚರಿತ್ರೆ

ಮುಂಬಯಿಯ ಬೈಕುಲ್ಲಾ ರೈಲು ನಿಲ್ದಾಣಕ್ಕೆ 2022ರಲ್ಲಿ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪರಂಪರೆ ಸಂರಕ್ಷಣಾ ಪ್ರಶಸ್ತಿ ಬಂತು. ಹಳೆಯ ಕಟ್ಟಡವನ್ನು ಕೆಡವದೆ ಅದರ ಹಿಂದಿನ ಚೆಲುವನ್ನೇ ಮರಳಿ ತಂದದ್ದಕ್ಕೆ ಸಿಕ್ಕಿದ ಗೌರವ ಅದು. ಸಂತೋಷದ ವಿಷಯವೇ. ಆದರೆ ಅದೇ ಬೈಕುಲ್ಲಾದ ಹಳೆಯ ಶಾಲೆಗಳ ಬಗ್ಗೆ ನಾವು ಅಷ್ಟಾಗಿ ಮಾತಾಡುವುದಿಲ್ಲ. ಶಾಲೆ ಅಂದ್ರೆ ರಿಸಲ್ಟು, ಫೀಸು, ಸೀಟು, ಇಷ್ಟೇ ನಮ್ಮ ಲೆಕ್ಕ. ಆ ಕಟ್ಟಡವನ್ನು ಯಾರು, ಯಾರಿಗಾಗಿ ಕಟ್ಟಿದರು ಎಂದು ಕೇಳುವವರು ಕಡಿಮೆ.

ಬೈಕುಲ್ಲಾ ಕೋಟೆ ಪ್ರದೇಶದ ಹೊರಗೆ ಬೆಳೆದ ಊರು. ಮೊದಲು ಶ್ರೀಮಂತರ ಬಂಗಲೆಗಳು ಬಂದವು, ಆಮೇಲೆ ಹತ್ತಿ ಗಿರಣಿಗಳು, ಕಾರ್ಮಿಕರ ಚಾಳ್‌ಗಳು. ಬಂದ ಸಮುದಾಯಗಳು ತಮ್ಮ ಪ್ರಾರ್ಥನಾ ಮಂದಿರದ ಜೊತೆಗೆ ಶಾಲೆಯನ್ನೂ ಕಟ್ಟಿದವು. 1815ರಲ್ಲಿ ಶುರುವಾದ ಬಾಂಬೆ ಎಜುಕೇಷನ್ ಸೊಸೈಟಿಯ ಶಾಲೆಗಳು ಇಲ್ಲಿ ನಡೆದವು. ಕ್ಲೇರ್ ರಸ್ತೆಯ ಕ್ರೈಸ್ಟ್ ಚರ್ಚ್ ಶಾಲೆ ಆ ಪರಂಪರೆಯದು. ನಮ್ಮವರೂ ಹಿಂದೆ ಬೀಳಲಿಲ್ಲ. ಬದ್ರುದ್ದೀನ್ ತ್ಯಾಬ್ಜಿ ಮತ್ತು ಸಂಗಡಿಗರು 1874ರಲ್ಲಿ ಕಟ್ಟಿದ ಅಂಜುಮನ್-ಎ-ಇಸ್ಲಾಂ ಈಗ ನಡೆಸುತ್ತಿರುವ ಸಾಬೂ ಸಿದ್ದೀಕ್ ತಾಂತ್ರಿಕ ಸಂಸ್ಥೆ 1936ರಲ್ಲಿ ಬೈಕುಲ್ಲಾದಲ್ಲೇ ಆರಂಭವಾಯಿತು. ಗಿರಣಿಗಳ ಊರಿಗೆ ಕೈಕಸುಬಿನ ವಿದ್ಯೆ ಎಷ್ಟು ಅಗತ್ಯ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಆದರೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಆವರಣ. ಬಗ್ದಾದಿನಿಂದ ಮುಂಬಯಿಗೆ ಬಂದು ನೆಲೆಸಿದ ಯಹೂದಿ ವ್ಯಾಪಾರಿ ಡೇವಿಡ್ ಸಸೂನ್ 1864ರಲ್ಲಿ ಇಲ್ಲಿ ಮಾಗೆನ್ ಡೇವಿಡ್ ಸಿನಗಾಗ್ ಕಟ್ಟಿಸಿದರು. ಯಹೂದಿ ಮಕ್ಕಳಿಗಾಗಿ ಅಲ್ಲಿ ಸಸೂನ್ ಮನೆತನದ ಹೆಸರಿನ ಶಾಲೆಗಳೂ ಬಂದವು. 1948ರಲ್ಲಿ ಇಸ್ರೇಲ್ ಹುಟ್ಟಿದ ನಂತರ ಬಗ್ದಾದಿ ಯಹೂದಿಗಳಲ್ಲಿ ಹೆಚ್ಚಿನವರು ಇಸ್ರೇಲಿಗೆ, ಇಂಗ್ಲೆಂಡಿಗೆ, ಆಸ್ಟ್ರೇಲಿಯಾಕ್ಕೆ ಹೊರಟುಹೋದರು. ಬೆಂಚು ಖಾಲಿಯಾದವು. ಆದರೆ ಶಾಲೆಗೆ ಬೀಗ ಬೀಳಲಿಲ್ಲ, ಸುತ್ತಲಿನ ಮಕ್ಕಳಿಗೆ ಬಾಗಿಲು ತೆರೆಯಿತು. ಇವತ್ತು ಅಲ್ಲಿ ಕಲಿಯುವವರಲ್ಲಿ ಬಹುಪಾಲು ಮುಸ್ಲಿಂ ಮಕ್ಕಳು. ಯಹೂದಿಗಳೂ ಮುಸಲ್ಮಾನರೂ ಎಂದೆಂದಿಗೂ ಶತ್ರುಗಳು ಎಂದು ವಾಟ್ಸಾಪಿನಲ್ಲಿ ಪಾಠ ಮಾಡುವವರಿಗೆ ಈ ಆವರಣವನ್ನು ತೋರಿಸಬೇಕು. ಪಠ್ಯಪುಸ್ತಕದಲ್ಲಿ ಇಲ್ಲದ ಪಾಠ ಆ ಗೋಡೆಗಳಲ್ಲಿದೆ.

ಇಂಥ ಕಟ್ಟಡ ಹೋದರೆ ಏನು ಹೋಗುತ್ತದೆ? ನಮ್ಮ ಕರ್ನಾಟಕದಲ್ಲೇ ಉದಾಹರಣೆ ಇದೆ. ಮೈಸೂರಿನಲ್ಲಿ ಹೆಣ್ಣುಮಕ್ಕಳಿಗೆ ಕನ್ನಡ ಕಲಿಸಿದ, ಶತಮಾನ ದಾಟಿದ ಎನ್‌ಟಿಎಂ ಶಾಲೆಯನ್ನು ಉಳಿಸಲು ಕನ್ನಡಪರರು ಹೋರಾಡಿದರು. ಆದರೂ 2022ರಲ್ಲಿ ವಿವೇಕಾನಂದ ಸ್ಮಾರಕಕ್ಕಾಗಿ ಅದನ್ನು ಕೆಡವಲಾಯಿತು. ನನ್ನದೂ ಒಂದು ಸಣ್ಣ ಅನುಭವ. ನಾನು ಓದಿದ ಹಂಚಿನ ಉರ್ದು ಶಾಲೆಯನ್ನು ಹೊಸ ಕಟ್ಟಡಕ್ಕಾಗಿ ಕೆಡವಿದಾಗ ಹಳೆಯ ದಾಖಲಾತಿ ರಿಜಿಸ್ಟರುಗಳನ್ನು ಜಗಲಿಯಲ್ಲಿ ರಾಶಿ ಹಾಕಿದ್ದರು. ಒಂದೇ ಮಳೆಗಾಲ, ಶಾಯಿಯೆಲ್ಲ ಕರಗಿಹೋಯಿತು. ನಮ್ಮ ಅಜ್ಜಿಯರ ಪೈಕಿ ಶಾಲೆಯ ಮೆಟ್ಟಿಲು ಮೊದಲು ಹತ್ತಿದವರು ಯಾರು ಎಂದು ಈಗ ಯಾರನ್ನು ಕೇಳೋಣ?

ಮಕ್ಕಳಿಗೆ ಸುರಕ್ಷಿತ ಕೋಣೆ, ಶೌಚಾಲಯ, ಲ್ಯಾಬ್ ಬೇಡವೇ ಎಂದು ಪೋಷಕರು ಕೇಳುವುದು ನ್ಯಾಯವೇ. ಸೋರುವ ಮಾಡಿನ ಕೆಳಗೆ ಕೂತು ಪರಂಪರೆ ಕಾಪಾಡಿ ಅಂತ ಯಾರೂ ಹೇಳುತ್ತಿಲ್ಲ. ಆದರೆ ದಪ್ಪ ಗೋಡೆ, ಎತ್ತರದ ಮಾಡು, ಉದ್ದ ವರಾಂಡ ನಮ್ಮ ಸೆಖೆಗೆ ಹೇಳಿ ಮಾಡಿಸಿದ್ದು. ಮುಂಬಯಿಯಲ್ಲಿ 1995ರಿಂದ ಪಾರಂಪರಿಕ ಕಟ್ಟಡಗಳನ್ನು ದರ್ಜೆ ಪ್ರಕಾರ ವಿಂಗಡಿಸಿ ರಕ್ಷಿಸುವ ನಿಯಮ ಇದೆ. ಆದರೆ ಮೊದಲು ಕಾಳಜಿ ಹುಟ್ಟಬೇಕಾದ್ದು ಅಲ್ಲಿ ಕಲಿತವರಲ್ಲಿ, ಕಲಿಸುವವರಲ್ಲಿ. ದಿನಕ್ಕೆ ಸಾವಿರಾರು ಜನ ತುಳಿಯುವ ನಿಲ್ದಾಣವನ್ನೇ ರಿಪೇರಿ ಮಾಡಿ ಉಳಿಸಬಹುದಾದರೆ ಶಾಲೆಯನ್ನು ಉಳಿಸಲಾಗದೇ?

ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಶಾಲೆಯ ಅಡಿಗಲ್ಲಿನ ಬರಹ ಓದಿ, ಬರೆದುಕೊಳ್ಳಿ. ಹಳೆಯ ರಿಜಿಸ್ಟರು ಇದ್ದರೆ ಹೆಡ್‌ಮಾಸ್ಟರ ಅನುಮತಿ ಕೇಳಿ ಮೊದಲ ಪುಟದ ಫೋಟೋ ತೆಗೆಯಿರಿ. ಮನೆಯ ಹಿರಿಯರಲ್ಲಿ ಆ ಶಾಲೆಯ ಬಗ್ಗೆ ವಿಚಾರಿಸಿ. ನಮ್ಮ ಸಮುದಾಯ ಅಕ್ಷರಕ್ಕಾಗಿ ಏನೂ ಮಾಡಲಿಲ್ಲ ಎಂದು ನಾಳೆ ಯಾರಾದರೂ ಹೇಳಿದರೆ ತೋರಿಸಲು ಆಧಾರ ನಮ್ಮ ಕೈಯಲ್ಲಿರಲಿ.