ಸೀಮೆಬದನೆಯ ಚರಿತ್ರೆ

ಅರಸರ ಕಾಳಗಗಳನ್ನೇ ಚರಿತ್ರೆಯೆಂದು ಓದಿದ ನಾವು, ನಮ್ಮ ಅಡಿಗೆಮನೆಗೂ ಒಂದು ಚರಿತ್ರೆಯುಂಟೆಂಬುದನ್ನು ಅಷ್ಟಾಗಿ ಎಣಿಸುವುದಿಲ್ಲ. ಹೈದರಾಲಿಯು 1760ರಲ್ಲಿ ಬೆಂಗಳೂರಿನಲ್ಲಿ ಲಾಲ್‌ಬಾಗನ್ನು ಹಾಕಿಸಿದುದು ತನ್ನ ವಿಹಾರಕ್ಕಾಗಿ. 1856ರಲ್ಲಿ ಅದು ಸರ್ಕಾರದ ಸಸ್ಯೋದ್ಯಾನವಾಯಿತು. 1874ರಿಂದ 1908ರ ವರೆಗೆ ಅದರ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮೆರಾನರ ಕಾಲದಲ್ಲಿ ಪರದೇಶದ ಹಲವು ತರಕಾರಿಗಳು ಅಲ್ಲಿಂದ ಪೇಟೆಗೆ ಇಳಿದುವು. ಮೆಕ್ಸಿಕೋ ಕಡೆಯ ಒಂದು ಬಳ್ಳಿಯ ಕಾಯಿಯನ್ನು ನಾವು ‘ಸೀಮೆಬದನೆ’ಯೆಂದು ಕರೆದೆವು, ನೆರೆಯ ತಮಿಳರಾದರೋ ಅದನ್ನು ‘ಬೆಂಗಳೂರು ಕತ್ತರಿಕಾಯಿ’ ಎಂದರು. ನಮಗೆ ಅದು ಹೊರಗಿನದು, ಅವರಿಗೆ ಅದು ನಮ್ಮದು!

1898ರ ಪ್ಲೇಗಿನ ತರುವಾಯ ಇಕ್ಕಟ್ಟಾದ ಪೇಟೆಯನ್ನು ಬಿಟ್ಟು ಜನರು ಬಸವನಗುಡಿ, ಮಲ್ಲೇಶ್ವರಗಳಿಗೆ ಬಂದರು. ಗಾಳಿಬೆಳಕಿಗಾಗಿ ಅಗಲವಾದ ಬೀದಿಗಳೂ ಮನೆಗೊಂದು ಹಿತ್ತಿಲೂ ಅಲ್ಲಿ ಏರ್ಪಟ್ಟುವು. ಹಿತ್ತಿಲಿದ್ದ ಮೇಲೆ ಚಪ್ಪರವೂ, ಚಪ್ಪರದ ಮೇಲೆ ಈ ಬಳ್ಳಿಯೂ ಬಾರದೆ ಇದ್ದೀತೆ? ಹೀಗೆ ರೋಗದ ಭಯವು ಮನೆಯ ಕಟ್ಟಡವನ್ನೂ, ಕಟ್ಟಡವು ಊಟದ ಎಲೆಯನ್ನೂ ಮಾರ್ಪಡಿಸಿತು.

ಆದರೂ ಹಲವು ಮನೆಗಳ ಶ್ರಾದ್ಧದ ಅಡಿಗೆಗೆ ಸೀಮೆಬದನೆ, ಎಲೆಕೋಸುಗಳಿಗೆ ಇಂದಿಗೂ ಪ್ರವೇಶವಿಲ್ಲ. ಪಿತೃಗಳು ಅರಿಯದ ಕಾಯಿಯನ್ನು ಅವರಿಗೆ ಬಡಿಸುವುದೆಂತು? ಇಂದು ಹಿತ್ತಿಲುಗಳ ಮೇಲೆ ಮಹಡಿಗಳು ಎದ್ದಿವೆ, ಚಪ್ಪರಗಳು ಹೋದುವು. ಯಾವುದು ಎಂದು ಬಂದಿತೆಂಬ ನೆನಪನ್ನು ಶ್ರಾದ್ಧದ ಆ ನಿಯಮವೊಂದೇ ನಮಗಾಗಿ ಕಾದಿಟ್ಟಿದೆ.